ಅಮ್ಮನ ಹಾಸಿಗೆ ಪಕ್ಕದ ಕಿಮ್ಚಿ

"ನಮ್ಮನೆ ನೆಲ ಎಷ್ಟು ಬಿಸಿ ಗೊತ್ತಾ ಅಕ್ಕ? ಜನವರೀಲೂ ಕೋಳಿ ಕೂತ್ರೆ ಬೆಂದ ಮೊಟ್ಟೇನೇ ಇಡತ್ತೆ!" ಎಂದ ಮನ್ಸಿಕ್, ನೆಲದಡಿ ಹರಿಯುವ ಬಿಸಿನೀರಿನ ಕೊಳವೆಗಳ ಬಗ್ಗೆ ಕೊಚ್ಚಿಕೊಳ್ಳುತ್ತ. ವೊಂಜು ಊರಲ್ಲಿ ಆ ದಿನ ನಾಯಿ ಬೊಗಳಿದ ಸದ್ದು ಕೂಡ ಹೆಪ್ಪುಗಟ್ಟಿ ರಸ್ತೆಗೆ ಬೀಳುತ್ತಿತ್ತು. ಅವನ ನಾಲಿಗೆಗೆ ಮಾತ್ರ ಚಳಿ ತಟ್ಟಿರಲಿಲ್ಲ.

ಬುಸಾನಿನಿಂದ ಬಂದಿದ್ದ ಅಕ್ಕ ಗುಮ್ಜಾ ಊಟಕ್ಕೆ ಕೂತು, ಎಲೆಕೋಸಿನ ಉಪ್ಪಿನಕಾಯಿಯಾದ ಕಿಮ್ಚಿಯ ಚೂರು ಕಡಿದಳು. "ನವೆಂಬರಲ್ಲಿ ಹಾಕಿದ್ದಲ್ವಾ ಅಮ್ಮ? ಒಂಚೂರೂ ಹುಳಿಯಾಗಿಲ್ಲ! ಹೊಸ ಫ್ರಿಜ್ಜಾ?"

"ಫ್ರಿಜ್ಜಲ್ಲಿ ಜಾಗ ಎಲ್ಲಿದೆ? ಅದು ನನ್ನ ಹಾಸಿಗೆ ಪಕ್ಕಾನೇ ಇರತ್ತೆ," ಎಂದು ಅಮ್ಮ ಕೆಮ್ಮಿದಳು.

ಗುಮ್ಜಾಳ ಕೈ ಅಲ್ಲೇ ನಿಂತಿತು. ಬೆಚ್ಚಗಿನ ಕೋಣೆಯಲ್ಲಿಟ್ಟ ಕಿಮ್ಚಿ ವಾರದೊಳಗೆ ಹುಳಿಯಾಗಬೇಕು. ಅವಳು ಎದ್ದು ಹೋಗಿ ಅಮ್ಮನ ಕೋಣೆಯ ನೆಲ ಮುಟ್ಟಿದಳು; ಅದು ಮಂಜುಗಡ್ಡೆಯಂತೆ ತಣ್ಣಗಿತ್ತು. ಬೆಚ್ಚಿಬಿದ್ದು ಓಡಿಬಂದಳು.

"ಲೋ, ಅಮ್ಮನ ಕಾಲು ಮುಟ್ಟಿ ನೋಡೋ!"

ಮನ್ಸಿಕ್ ಒಂದರ ಮೇಲೊಂದು ಹಾಕಿದ್ದ ಕಾಲುಚೀಲಗಳನ್ನು ಎಳೆದ. ಒಳಗೆ ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗಿ, ಊದಿ, ಒಡೆದಿದ್ದವು.

"ನಂಗೇನೂ ಚಳಿಯಿಲ್ಲಪ್ಪ," ಎಂದಳು ಅಮ್ಮ.

"ಬಿಸಿ ಇರೋದು ನನ್ನ ಕೋಣೆ ಮಾತ್ರ, ಅಕ್ಕ," ಎಂದ ಮನ್ಸಿಕ್. "ಗ್ಯಾಸ್ ಉಳೀಲಿ ಅಂತ ಅಮ್ಮನ ಕೋಣೆಗೆ ಹೋಗೋ ಬಿಸಿನೀರಿನ ಕೊಳವೇನ ನಾನೇ ಮುಚ್ಚಿದ್ದೆ. ಚಳಿಯಿಲ್ಲ ಅಂದ್ಲು, ನಂಬಿದೆ. ಇಲ್ಲ... ನಂಬಿದ ಹಾಗೆ ಮಾಡ್ದೆ."