ಬಿಳಿ ಬಟ್ಟೆಯನ್ನು ನಂಬದ ಕ್ಯಾಪ್ಟನ್

ಕ್ಯಾಪ್ಟನ್ ಟ್ರಿಂಡರ್ ದಾರಿಯಲ್ಲಿ ನಡೆಯುತ್ತ ಆಗಾಗ ಗಕ್ಕನೆ ನಿಂತು ಹಿಂದಿರುಗಿ ನೋಡುತ್ತಿದ್ದರು. ಅವರ ಬೆನ್ನ ಹಿಂದೆ ಇರುತ್ತಿದ್ದುದು ಸಮುದ್ರ, ಗಾಳಿ, ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿದ ನಾಲ್ಕಾರು ಕುರಿಗಳು, ಇಷ್ಟೇ; ಆದರೂ ಆ ಕುರಿಗಳನ್ನು ಕಣ್ಣು ಕಿರಿದುಮಾಡಿ ಅಳೆದು, ಬೇಸಿಗೆಯಲ್ಲೂ ಕಳಚದ ಆ ಉದ್ದ ಕೋಟಿನ ಗುಂಡಿಗಳು ಕತ್ತಿನವರೆಗೆ ಭದ್ರವಾಗಿವೆಯೇ ಎಂದು ಬೆರಳಿನಿಂದ ತಡವಿ ಖಾತ್ರಿ ಮಾಡಿಕೊಂಡ ಮೇಲೆಯೇ ಅವರ ಸವಾರಿ ಮುಂದೆ ಸಾಗುತ್ತಿತ್ತು.

ಡೆನ್ಮಾರ್ಕ್ ಜರ್ಮನರ ವಶವಾದ ವಸಂತದಲ್ಲಿ ಬ್ರಿಟಿಷರ ಪಡೆ ಡೆನ್ಮಾರ್ಕಿಗೆ ಸೇರಿದ ನಮ್ಮ ಫಾರೋ ದ್ವೀಪಗಳಿಗೆ ಬಂದಿಳಿಯಿತು. ನಮ್ಮೂರಿನ ಪಾಲಿಗೆ ದಕ್ಕಿದ್ದು ಒಂದು ಸಣ್ಣ ತುಕಡಿ ಮತ್ತು ಈ ಟ್ರಿಂಡರ್. ಕಾದಾಡಲು ಶತ್ರುವಿರಲಿಲ್ಲ, ಆಳಲು ನಾವಿದ್ದೆವು. ದೋಣಿಯನ್ನು ನೀರಿಗಿಳಿಸಲು ಅನುಮತಿ, ರೇಡಿಯೋ ಕೇಳಲು ಅನುಮತಿ, ಕಡಿದಾದ ಬಂಡೆಗಳಲ್ಲಿ ಹಕ್ಕಿ ಹಿಡಿಯಲು ಹಗ್ಗ ಇಳಿಬಿಡುವುದಕ್ಕೂ ಅನುಮತಿ. ಇಂಗ್ಲಿಷ್ ಬಲ್ಲೆನೆಂಬ ಅಪರಾಧಕ್ಕೆ ನಾನು ಅವರ ದುಭಾಷಿಯಾದೆ. ಊರವರ ಯಾವ ಮಾತನ್ನು ತಿಳಿಸಿದರೂ ಅವರದು ಅಪನಂಬಿಕೆಯ ಒಂದೇ ಉತ್ತರ: "ಅದು ನೀವು ಹೇಳೋದು."

ಒಮ್ಮೆ ಅವರ ದೃಷ್ಟಿ ನಮ್ಮ ಕುರಿಗಳ ಕಿವಿಯ ಮೇಲೆ ಬಿತ್ತು. ಒಂದೊಂದು ಮನೆತನದವರು ತಮ್ಮ ಕುರಿಗಳ ಕಿವಿಯನ್ನು ಒಂದೊಂದು ಬಗೆಯಲ್ಲಿ ಕತ್ತರಿಸಿ ಗುರುತು ಮಾಡುವುದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಟ್ರಿಂಡರರಿಗೆ ಮಾತ್ರ ಅದು ಸಂಕೇತಲಿಪಿಯಾಗಿ ಕಂಡಿತು. ಒಂದು ಟಗರನ್ನು ಕಚೇರಿಗೆ ತರಿಸಿ, ಮೇಜಿನ ಪಕ್ಕ ನಿಲ್ಲಿಸಿ, ಭೂತಗನ್ನಡಿ ಹಿಡಿದು ಅದರ ಎರಡೂ ಕಿವಿಗಳನ್ನು ಪರೀಕ್ಷಿಸಿದರು. ಟಗರು ಅವರ ಕೈಗವಸನ್ನು ಸಾವಧಾನವಾಗಿ ಅಗಿಯಿತು. ನಮ್ಮೂರಿನ ಸೂಲಗಿತ್ತಿ ಮಾರ್ಯುನಜ್ಜಿ ಸಂಜೆ ನನ್ನನ್ನು ತಡೆದು, "ಏನೋ ಪೇಟುರ್, ಟಗರು ಬಾಯಿಬಿಡ್ತಾ, ಇಲ್ಲಾ ನಾಲ್ಕೇಟು ಹಾಕ್ಬೇಕಾಯ್ತಾ?" ಎಂದಳು. ಊರೇ ನಕ್ಕಿತು. ನಗುವವರನ್ನು ಕಂಡರೆ ಟ್ರಿಂಡರರ ಸಂಶಯ ಇಮ್ಮಡಿಸುತ್ತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ಅವರು ದುಷ್ಟರಲ್ಲ. ಯಾರ ಮೇಲೂ ದನಿಯೆತ್ತಿದವರಲ್ಲ. ಯಾರಾದರೂ ಪ್ರೀತಿಯಿಂದ ತಂದ ಒಣಮೀನನ್ನು ಕೂಡ ಪುಕ್ಕಟೆಯಾಗಿ ಮುಟ್ಟಿದವರಲ್ಲ.

ನಮ್ಮೂರಿನ ಎದುರಿಗೆ, ಕಿರಿದಾದ ಜಲಸಂಧಿಯ ಆಚೆ, ಹೋಲ್ಮ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಮನೆಯ ಮೇಲಿನ ಹಸಿರು ಇಳಿಜಾರಿನಲ್ಲಿ ಬಿಳಿ ಬಟ್ಟೆಯನ್ನು ಹಾಸುತ್ತಾರೆ. ಈಚೆ ದಡದಿಂದ ಅದನ್ನು ಕಂಡ ಸೂಲಗಿತ್ತಿ ದೋಣಿ ಹತ್ತುತ್ತಾಳೆ. ಮುತ್ತಜ್ಜರ ಕಾಲದ ಏರ್ಪಾಡು. ಅದು ಜರ್ಮನ್ ವಿಮಾನಗಳಿಗೆ ಕೊಡುವ ಸನ್ನೆಯೆಂದು ಟ್ರಿಂಡರ್ ಬಗೆದರು. ಮುಂಚಿತವಾಗಿ ಅನುಮತಿ ಪಡೆಯದೆ ಯಾರೂ ಬಟ್ಟೆ ಹಾಸಕೂಡದೆಂದು ಆಜ್ಞೆ ಹೊರಡಿಸಿದರು. ಹೋಲ್ಮಿನ ಹಾನುಸ್‌ನ ಹೆಂಡತಿ ಸುನ್ನೆವಾ ಆಗ ಚೊಚ್ಚಲ ಬಸುರಿ. ಹಾನುಸ್ ಟೋಪಿಯನ್ನು ಕೈಯಲ್ಲಿ ಹಿಡಿದು ಅನುಮತಿ ಕೇಳಲು ಬಂದ.

"ಯಾವತ್ತು ಹಾಸ್ತೀಯ?"

"ನೋವು ಬಂದ ದಿನ, ಸಾಹೇಬ್ರೇ."

"ದಿನ ಯಾವುದು ಅಂತ ಹೇಳು."

ದೊಡ್ಡವರು ಕೇಳಿದ್ದಕ್ಕೆ ಉತ್ತರ ಕೊಡದಿರುವುದು ನಮ್ಮಲ್ಲಿ ಅಮರ್ಯಾದೆ. ಹಾನುಸ್ ಬಹಳ ಹೊತ್ತು ಯೋಚಿಸಿ, "ಓಲಾಫ್ ಹಬ್ಬದ ದಿನ ಅಂತ ಇಟ್ಕೊಳ್ಳಿ" ಎಂದ. ಆ ದಿನಕ್ಕೇ ಅನುಮತಿ ಸಿಕ್ಕಿತು.

ಹಬ್ಬಕ್ಕೆ ಇನ್ನೂ ವಾರವಿರುವಾಗ, ಒಂದು ಬೆಳಿಗ್ಗೆ, ಹೋಲ್ಮಿನ ಇಳಿಜಾರಿನಲ್ಲಿ ಬಿಳುಪು ಕಾಣಿಸಿತು. ಹಿಂದಿನ ದಿನವಷ್ಟೇ ವಿಮಾನವೊಂದು ಮೇಲೆ ಸುತ್ತಿ ಹೋಗಿತ್ತು. ಟ್ರಿಂಡರ್ ದೋಣಿಕಟ್ಟೆಗೆ ಕಾವಲು ಹಾಕಿಸಿದರು. ಚೀಲ ಹಿಡಿದು ಬಂದ ಮಾರ್ಯುನಜ್ಜಿಗೆ, ಹೇಳಿದ ದಿನ ಇನ್ನೂ ಬಂದಿಲ್ಲವೆಂದು ನಾನು ತಿಳಿಸಬೇಕಾಯಿತು.

"ಅದನ್ನ ಹೊಟ್ಟೇಲಿರೋ ಕೂಸಿಗೆ ಯಾರು ಹೇಳ್ಬೇಕಿತ್ತು? ಈ ಮನುಷ್ಯ ಏನು ಹೇಳಿದ ದಿನಕ್ಕೇ ಹುಟ್ಟಿದ್ನಾ, ಕೇಳು! ನೀರಿನ ಸೆಳೆತ ತಿರುಗೋ ಹೊತ್ತಾಯ್ತು, ದಾರಿ ಬಿಡೋಕೆ ಹೇಳು ಪೇಟುರ್!"

"ಅದು ನೀವು ಹೇಳೋದು," ಎಂದು ಟ್ರಿಂಡರ್ ಚೀಲ ಬಿಚ್ಚಿದರು. ಕತ್ತರಿಯನ್ನು ಬೆಳಕಿಗೆ ಹಿಡಿದರು, ಸೀಸೆಯ ಮುಚ್ಚಳ ತೆಗೆದು ಮೂಸಿದರು, ದಾರದ ಉಂಡೆಯನ್ನು ಕೊನೆಯವರೆಗೂ ಬಿಚ್ಚಿ ನೋಡಿದರು. ಅಷ್ಟರಲ್ಲಿ ಜಲಸಂಧಿಯ ಸೆಳೆತ ತಿರುಗಿತು. ತಿರುಗಿದ ಮೇಲೆ ಅದು ತಣಿಯುವವರೆಗೆ ಯಾವ ದೋಣಿಯೂ ದಾಟಲಾರದು. ಅಜ್ಜಿ ದಡದ ಕಲ್ಲಿನ ಮೇಲೆ ಕೂತು ಬಿಳಿ ಬಟ್ಟೆಯನ್ನೇ ನೋಡುತ್ತಿದ್ದಳು. ನನಗೆ ಅಂದು ಆ ಕೋಟನ್ನು ಕಂಡರೆ ಹೇಸಿಗೆಯಾಯಿತು.

ಮಧ್ಯಾಹ್ನ ಕಳೆದ ಮೇಲೆ ದಾಟಿದೆವು. ಗೂಢಚಾರನನ್ನು ಹಿಡಿಯಲೆಂದು ಟ್ರಿಂಡರರೂ ಪಿಸ್ತೂಲಿನ ಮೇಲೆ ಕೈಯಿಟ್ಟುಕೊಂಡು ಬಂದಿದ್ದರು. ಸುನ್ನೆವಾ ಉಳಿದಿದ್ದಳು. ಮಗು ಉಳಿದಿರಲಿಲ್ಲ. ಬಾಗಿಲಿಗೆ ಬಂದ ಹಾನುಸ್, ಸಾಹೇಬರನ್ನು ಕಂಡೊಡನೆ ಟೋಪಿ ತೆಗೆದು, "ತಪ್ಪಾಯ್ತು ಸಾಹೇಬ್ರೇ, ದಿನ ಸರಿಯಾಗಿ ಹೇಳ್ಲಿಲ್ಲ ನಾನು" ಎಂದ.

ಅದನ್ನೂ ನಾನು ಇಂಗ್ಲಿಷಿಗೆ ತಿರುಗಿಸಬೇಕಾಯಿತು. ಟ್ರಿಂಡರ್ ಪಿಸ್ತೂಲಿನ ಮೇಲಿದ್ದ ಕೈ ತೆಗೆದರು. ಹಿಂದಿರುಗುವಾಗ ಅವರು ದೋಣಿಯಲ್ಲಿ ಒಮ್ಮೆಯೂ ತಲೆಯೆತ್ತಲಿಲ್ಲ.

ಮರುದಿನವೇ ಆಜ್ಞೆ ರದ್ದಾಯಿತು. ಯಾರು ಯಾವಾಗ ಬೇಕಾದರೂ ಬಟ್ಟೆ ಹಾಸಬಹುದೆಂದು ಇಗರ್ಜಿಯ ಮುಂದೆ ನಾನೇ ಸಾರಿದೆ. ಜನ ಮುಖಮುಖ ನೋಡಿಕೊಂಡರು. "ಇದ್ರಲ್ಲಿ ಏನೋ ಮಸಲತ್ತಿದೆ," ಎಂದಳು ಹಾನುಸ್‌ನ ಅಕ್ಕ. ಅಂದಿನಿಂದ ಹೋಲ್ಮಿನ ಬಸುರಿಯರು ತಿಂಗಳು ತುಂಬುವ ಮೊದಲೇ ಗಂಟುಮೂಟೆಯೊಂದಿಗೆ ಈಚೆ ದಡಕ್ಕೆ ಬಂದು, ನೆಂಟರ ಮನೆಗೆ ಬಂದೆವೆಂದು ಕಾವಲಿನವನಿಗೆ ಸುಳ್ಳು ಹೇಳಿದರು. ರೇಡಿಯೋಗಳು ಇಲ್ಲಿ ಸೌದೆಯ ಬದಲು ಒಲೆಗೆ ಉರಿಸುವ ಮಣ್ಣುಹೆಂಟೆಗಳ ರಾಶಿಯಡಿ ಸೇರಿದವು. ದೋಣಿಗಳು ಮಂಜಿನಲ್ಲಿ ಸದ್ದಿಲ್ಲದೆ ಹೊರಟವು. ಟ್ರಿಂಡರ್ ಮಾತ್ರ ಪ್ರತಿ ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು ಹೋಲ್ಮಿನ ಇಳಿಜಾರನ್ನು ನೋಡುತ್ತಿದ್ದರು. ಅಲ್ಲಿ ಹುಲ್ಲಷ್ಟೇ ಇತ್ತು.

"ಅಲ್ಲಿ ಈಗ ಯಾರಿಗೂ ಮಕ್ಕಳಾಗೋದಿಲ್ವಾ?" ಎಂದು ಒಮ್ಮೆ ಕೇಳಿದರು.

"ನಂಗೊತ್ತಿಲ್ಲ," ಎಂದೆ. ಗೊತ್ತಿತ್ತು.

ಶಂಕಾಸ್ವಭಾವದವರನ್ನು ಲೋಕವು ಕ್ರೂರಿಗಳೆಂದು ಎಣಿಸುತ್ತದೆ. ಅವರಲ್ಲಿ ಹೆಚ್ಚಿನವರು ಕರ್ತವ್ಯನಿಷ್ಠರು, ಪ್ರಾಮಾಣಿಕರು, ಹೇಗೋ ಏನೋ ಎಂಬ ಭಯದಲ್ಲೇ ಬದುಕುವ ಒಂಟಿಜೀವಿಗಳು. ಆದರೆ ಇಲ್ಲದ ಗುಟ್ಟನ್ನು ಅವರು ಎಷ್ಟು ಶ್ರದ್ಧೆಯಿಂದ ಕೆದಕುತ್ತಾರೆಂದರೆ, ಗುಟ್ಟೆಂದರೇನೆಂದೇ ಅರಿಯದ ಜನ ಕೂಡ ಕ್ರಮೇಣ ಮುಚ್ಚಿಡುವುದನ್ನು ಕಲಿಯುತ್ತಾರೆ. ಅಂಥವರು ಊರು ಬಿಟ್ಟು ಹೋಗುವ ಹೊತ್ತಿಗೆ, ಊರಿನ ಬಗ್ಗೆ ಅವರು ಪಟ್ಟ ಸಂಶಯವೆಲ್ಲ ನಿಜವಾಗಿರುತ್ತದೆ.