ವಿಲ್ಫ್ ಸ್ಟ್ಯಾಂಪರ್ ಎಂಬ ವಕೀಲ

ಸ್ಯಾಂಡ್ಸ್‌ಬಿಯ ಮುಖ್ಯ ಬೀದಿಯಲ್ಲಿ ಮೀನು ಕರಿಯುವ ಅಂಗಡಿಯ ಮೇಲಿನ ಮಹಡಿ ಗ್ಲೆನಿಸ್ ಥ್ಯಾಕ್ರೆಯ ಆಫೀಸು. ಮನೆ ಮಾರುವವರ, ಕೊಳ್ಳುವವರ ಕಾಗದಪತ್ರ ನೋಡಿಕೊಳ್ಳುವ ವಕೀಲೆ ಅವಳು. ಬೀದಿಯ ಆಚೆ ಬದಿಯಲ್ಲಿ, ಅವಳ ಕಿಟಕಿಗೆ ಕಿಟಕಿ ಕೊಟ್ಟು ಡೆಸ್ಮಂಡ್ ಹೆಪ್‌ವರ್ತ್ ಕೂತಿದ್ದ. ಅವನದೂ ಅದೇ ಕಸುಬು. ಊರಲ್ಲಿ ಯಾವ ಮನೆ ಕೈ ಬದಲಾಯಿಸಿದರೂ ಕೊಳ್ಳುವವರು ಒಬ್ಬರ ಹತ್ತಿರ, ಮಾರುವವರು ಇನ್ನೊಬ್ಬರ ಹತ್ತಿರ ಹೋಗುವುದು ವಾಡಿಕೆ. ಆದರೆ ಇಬ್ಬರಿಗೂ ಮಾತಿರಲಿಲ್ಲ. ಯಾವುದೋ ಕಾಲದಲ್ಲಿ ಡೆಸ್ಮಂಡ್ ಬರೆದ ಪತ್ರದ ತಪ್ಪುಗಳಿಗೆಲ್ಲ ಗ್ಲೆನಿಸ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸು ಕಳಿಸಿದ್ದಳು. ಅಂದಿನಿಂದ ಎದುರುಬದುರು ಕೂತೇ ಅವರು ಅಂಚೆಯಲ್ಲಿ ವ್ಯವಹರಿಸುತ್ತಿದ್ದರು. ಆ ಪತ್ರಗಳು ಹಲ್ ನಗರದವರೆಗೂ ಹೋಗಿ, ಅಲ್ಲಿ ಮುದ್ರೆ ಒತ್ತಿಸಿಕೊಂಡು, ಬೀದಿ ದಾಟುತ್ತಿದ್ದವು.

ಆ ವಸಂತದಲ್ಲಿ ಕೆಳಗಿನ ಮೀನಂಗಡಿ ನಡೆಸುವ ಕೀಲಿ ಎಂಬ ಹುಡುಗಿ, ಏಡಿ ಹಿಡಿಯುವ ಕಸುಬು ಬಿಟ್ಟು ತಂಗಿಯ ಮನೆ ಸೇರಲಿದ್ದ ಮುದುಕ ವಿಲ್ಫ್ ಸ್ಟ್ಯಾಂಪರನ ಮನೆ ಕೊಳ್ಳಲು ಹೊರಟಿದ್ದಳು. ಕೀಲಿಯ ಪರ ಗ್ಲೆನಿಸ್, ವಿಲ್ಫ್‌ನ ಪರ ಡೆಸ್ಮಂಡ್. ಸಾಲ ಕೊಡುವ ಸೊಸೈಟಿ ಒಪ್ಪಿತ್ತು. ಆದರೆ ಸೊಸೈಟಿ ಎಲ್ಲ ವಕೀಲರನ್ನೂ ನಂಬುವುದಿಲ್ಲ, ತನ್ನ ಪ್ಯಾನೆಲ್‌ನಲ್ಲಿ ಹೆಸರಿದ್ದವರ ಕೈಗೆ ಮಾತ್ರ ದುಡ್ಡು ಕಳಿಸುತ್ತದೆ. ಗ್ಲೆನಿಸ್‌ಳ ಹೆಸರು ಆ ಪ್ಯಾನೆಲ್‌ನಲ್ಲಿ ಯಾವ ಕಾಲದಿಂದಲೋ ಇತ್ತು. ಒಂದು ಬೆಳಿಗ್ಗೆ ನೋಡಿದರೆ ಇರಲಿಲ್ಲ.

ಅವಳು ಪ್ಯಾನೆಲ್ ವಿಭಾಗಕ್ಕೆ ಫೋನು ಮಾಡಿದಳು. ಟ್ರಿಸ್ಟನ್ ಎಂಬ ಬಹಳ ವಿನಯದ ಯುವಕ ಸಿಕ್ಕಿದ.

"ಮೇಡಂ, ನಿಯಮ ಬದಲಾಗಿದೆ. ಸಂಸ್ಥೆಯಲ್ಲಿ ಕಡಿಮೆ ಅಂದ್ರೂ ಇಬ್ಬರು ಪಾಲುದಾರರಿರಬೇಕು. ನೀವು ಒಬ್ಬರೇ ಇದ್ದೀರಿ."

"ಒಬ್ಬಳೇ ಇದ್ದು ಇಷ್ಟು ವರ್ಷ ಒಂದು ತಪ್ಪೂ ಮಾಡಿಲ್ಲಪ್ಪ."

"ಅದೇ ಮೇಡಂ ತೊಂದರೆ. ತಪ್ಪು ಮಾಡಿಲ್ಲ ಅಂತ ಹೇಳೋರೂ ನೀವೊಬ್ಬರೇ. ನಿಮ್ಮ ಮೇಲೊಂದು ಕಣ್ಣಿಡೋರು ಬೇಕು."

"ಕಣ್ಣಿಡೋರು ಬೇಕಾ? ಎದುರುಗಡೆ ಕಿಟಕೀಲಿ ಡೆಸ್ಮಂಡ್ ಅಂತ ಒಬ್ಬ ಕೂತಿದಾನೆ. ಬೆಳಗಿಂದ ಸಂಜೆವರೆಗೂ ಅವನಿಗೆ ಅದೇ ಕೆಲಸ."

"ಅವರು ನಿಮ್ಮ ಪಾಲುದಾರರಾ ಮೇಡಂ?"

ಗ್ಲೆನಿಸ್ ಫೋನು ಕುಕ್ಕಿದಳು. ತಲೆ ಎತ್ತಿದರೆ ಎದುರು ಕಿಟಕಿಯಲ್ಲಿ ಡೆಸ್ಮಂಡ್ ಕೂಡ ಫೋನು ಕುಕ್ಕುತ್ತಿದ್ದ.

ಮಧ್ಯಾಹ್ನ ಅವನು ಕೊಡೆ ಹಿಡಿದು ಬೀದಿ ದಾಟಿ ಬಂದ. ಮಳೆಯೇನೂ ಇರಲಿಲ್ಲ. ಕಕ್ಷಿದಾರರ ಕುರ್ಚಿಯಲ್ಲಿ ಕೂತು, ಕೊಡೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು, ಗೋಡೆಯ ಕ್ಯಾಲೆಂಡರಿಗೆ ಹೇಳಿದ:

"ನನ್ನ ಹೆಸರೂ ತೆಗೆದಿದ್ದಾರೆ."

"ಗೊತ್ತಾಯ್ತು. ಕಿಟಕೀಲಿ ಕಾಣಿಸ್ತು."

"ನಾನು ಬೇಡೋಕೆ ಬಂದಿಲ್ಲ."

"ನಾನೂ ಕರೆದಿಲ್ಲ ಕಣ್ರೀ."

ಇಷ್ಟಾದ ಮೇಲೆ ಪಾಲುದಾರಿಕೆಯ ಒಪ್ಪಂದ ಸಲೀಸಾಗಿ ಆಯಿತು. ಯಾರ ಹೆಸರು ಮೊದಲು ಎಂಬುದಕ್ಕೆ ಮಾತ್ರ ಕೆಳಗಿನ ಅಂಗಡಿಯಲ್ಲಿ ಕೀಲಿಯ ಕೈಯಿಂದ ನಾಣ್ಯ ಹಾರಿಸಬೇಕಾಯಿತು. ಅದು ವಿನೆಗರ್ ಬಟ್ಟಲಿಗೆ ಬಿತ್ತು. ಬಗ್ಗಿ ನೋಡಿದ ಕೀಲಿ, "ಮೇಡಂದೇ ಗೆದ್ದಿರೋದು," ಎಂದಳು. ಡೆಸ್ಮಂಡ್ ತಾನೂ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ.

ಅವನ ಮೇಜು, ಕಪಾಟು, ಒಣಗಿದ ಹೂಕುಂಡ ಎಲ್ಲ ಬೀದಿ ದಾಟಿ ಬಂದವು. ಅವನು ಕಿಟಕಿಯ ಪಕ್ಕವೇ ಬೇಕೆಂದು ಹಟ ಹಿಡಿದು ಕೂತ. ಕೂತ ಮೇಲೆ ಅವನಿಗೆ ಒಂದು ಹೊಸ ಸಂಕಟ ಶುರುವಾಯಿತು. ಈಗ ಅಲ್ಲಿಂದ ಕಾಣುವುದು ಅವನದೇ ಖಾಲಿ ಆಫೀಸು. "ಯಾರೂ ಇಲ್ಲ," ಎಂದು ಆಗಾಗ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

ಸೊಸೈಟಿ ಹೊಸ ಸಂಸ್ಥೆಯನ್ನು ಪ್ಯಾನೆಲ್‌ಗೆ ಸೇರಿಸಿಕೊಂಡಿತು. ಗ್ಲೆನಿಸ್ ನಿಂಬೆ ಕೇಕು ತಂದಳು. ಅದನ್ನು ಕೊಯ್ಯುವಾಗಲೇ ಟ್ರಿಸ್ಟನ್‌ನ ಫೋನು ಬಂತು.

"ಅಭಿನಂದನೆ ಮೇಡಂ. ಒಂದು ಸಣ್ಣ ವಿಷಯ. ಈ ಸ್ಟ್ಯಾಂಪರ್ ಅವರ ಮನೆ ವ್ಯವಹಾರದಲ್ಲಿ ಕೊಳ್ಳೋರ ವಕೀಲರೂ ನಿಮ್ಮ ಸಂಸ್ಥೆ, ಮಾರೋರ ವಕೀಲರೂ ನಿಮ್ಮ ಸಂಸ್ಥೆ ಅಂತ ತೋರಿಸ್ತಿದೆ. ಒಬ್ಬರೇ ಎರಡೂ ಕಡೆಗೆ ನಿಲ್ಲೋ ಹಾಗಿಲ್ಲ."

"ಒಬ್ಬರಲ್ಲಪ್ಪ, ಇಬ್ಬರಿದ್ದೀವಿ! ಇಬ್ಬರಿರಿ ಅಂದೋನು ನೀನೇ."

"ಹೌದು ಮೇಡಂ. ಇಬ್ಬರಾಗಿರೋದ್ರಿಂದಾನೇ ನೀವು ಈಗ ಒಬ್ಬರು."

ಗ್ಲೆನಿಸ್ ಫೋನನ್ನು ಡೆಸ್ಮಂಡ್‌ನ ಕೈಗಿತ್ತಳು. ಅವನೂ ಕೇಳಿಸಿಕೊಂಡ. ಇಬ್ಬರೂ ಕೂತು ಕೇಕು ತಿಂದರು. ಊರಿನಲ್ಲಿ ಮೂರನೆಯ ವಕೀಲ ಇರಲಿಲ್ಲ. ಇನ್ನು ಮುಂದೆ ಸ್ಯಾಂಡ್ಸ್‌ಬಿಯ ಯಾವ ಮನೆ ಮಾರಾಟವಾದರೂ ಅರ್ಧ ಕೆಲಸ ಹಲ್‌ನವರ ಪಾಲು.

ವಿಲ್ಫ್‌ನನ್ನು ಕರೆಸಿ ಡೆಸ್ಮಂಡ್ ಬಹಳ ನಾಜೂಕಾಗಿ ವಿಷಯ ತಿಳಿಸಿದ. ವಿಲ್ಫ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅಂದ್ರೆ ನೀನು ನನ್ನ ಕೈಬಿಟ್ಟು ಅವಳ ಕಡೆ ಹೋಗಿದ್ದೀಯ."

"ಹಾಗಲ್ಲ ವಿಲ್ಫ್. ಹಲ್‌ನಲ್ಲಿ ಒಳ್ಳೊಳ್ಳೆ ವಕೀಲರಿದ್ದಾರೆ."

"ಹಲ್‌ಗೆ ನಾನು ಹೋಗಲ್ಲ. ಹಿಂದೆ ಒಂದ್ಸಲ ಹೋಗಿದ್ದೆ. ಬರೋಷ್ಟರಲ್ಲಿ ನನ್ನ ವ್ಯಾನ್ ಹೊತ್ಕೊಂಡು ಹೋಗಿದ್ರು."

"ಗಾಡಿ ನಿಲ್ಲಿಸೋ ಜಾಗ ಅಲ್ಲ ಅಂತ ಹೊತ್ಕೊಂಡು ಹೋಗಿರ್ತಾರೆ."

"ಯಾಕೆ ಹೊತ್ಕೊಂಡು ಹೋದ್ರೋ ನಂಗೆ ಬೇಡ. ವಕೀಲ ಇಟ್ಕೊಳ್ಳಲೇಬೇಕು ಅಂತ ಕಾನೂನು ಇದೆಯಾ?"

ಡೆಸ್ಮಂಡ್ ಗ್ಲೆನಿಸ್‌ಳ ಮುಖ ನೋಡಿದ. ಗ್ಲೆನಿಸ್ ಸುಳ್ಳು ಹೇಳುವವಳಲ್ಲ. "ಇಲ್ಲ," ಎಂದಳು. "ಮಾರೋರು ತಮ್ಮ ಕೆಲಸ ತಾವೇ ಮಾಡ್ಕೋಬಹುದು."

"ಹಾಗಾದ್ರೆ ಆಯ್ತು," ಎಂದು ವಿಲ್ಫ್ ಟೋಪಿ ಹಾಕಿಕೊಂಡು ಇಳಿದು ಹೋದ.

ವಾರ ಕಳೆಯುವುದರಲ್ಲಿ ಅವನ ಮೊದಲ ಪತ್ರ ಬಂತು. ಸಮುದ್ರದ ಏರಿಳಿತದ ವೇಳಾಪಟ್ಟಿಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದು. ಇಷ್ಟು ವರ್ಷ ಡೆಸ್ಮಂಡ್ ಕಳಿಸಿದ ಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಆ ಧಾಟಿಯನ್ನು ಅವನು ಇಡಿಯಾಗಿ ಎತ್ತಿಕೊಂಡಿದ್ದ. 'ಮಾನ್ಯರೇ, ನಾವು ಶ್ರೀ ವಿಲ್ಫ್ ಸ್ಟ್ಯಾಂಪರ್ ಅವರ ಪರವಾಗಿ ಬರೆಯುತ್ತಿದ್ದೇವೆ. ನಮ್ಮ ಕಕ್ಷಿದಾರರಿಗೆ ಸೊಂಟ ನೋವಿರುವುದರಿಂದ ಉತ್ತರ ತಡವಾಯಿತು. ಕ್ಷಮೆ ಇರಲಿ.'

ಗ್ಲೆನಿಸ್ ಪದ್ಧತಿಯಂತೆ ಪ್ರಶ್ನೆಗಳನ್ನು ಕಳಿಸಿದಳು. ಬಾಯ್ಲರ್ ಸುಸ್ಥಿತಿಯಲ್ಲಿದೆಯೇ? 'ನಮ್ಮ ಕಕ್ಷಿದಾರರಿಗೆ ಅದರ ಮೇಲೆ ಅಪಾರ ನಂಬಿಕೆಯಿದೆ.' ನೆರೆಹೊರೆಯವರೊಂದಿಗೆ ಜಗಳವೇನಾದರೂ ಉಂಟೇ? 'ಯಾವ ನೆರೆಯವರೆಂದು ತಿಳಿಸಿದರೆ ಉತ್ತರಿಸಲು ಅನುಕೂಲ.' ಹಿತ್ತಲಿನ ಶೆಡ್ಡು ಮಾರಾಟದಲ್ಲಿ ಸೇರಿದೆಯಷ್ಟೆ? 'ಸೇರಿಲ್ಲ.'

ಶೆಡ್ಡು ಸೇರಿದೆಯೆಂದೇ ಕೀಲಿ ತಿಳಿದಿದ್ದಳು. ಗ್ಲೆನಿಸ್ ಕೆಳಗಿಳಿದು ಬಂದಾಗ ವಿಲ್ಫ್ ಅಂಗಡಿಯಲ್ಲೇ ಕೂತು ಮೀನು ತಿನ್ನುತ್ತಿದ್ದ. ಕತ್ತಿಗೆ ಟೈ ಬೇರೆ ಕಟ್ಟಿದ್ದ.

"ವಿಲ್ಫ್, ಶೆಡ್ ತಗೊಂಡು ಏನ್ಮಾಡ್ತೀಯಪ್ಪ? ತಂಗಿ ಮನೆಗೆ ಹೊತ್ಕೊಂಡು ಹೋಗ್ತೀಯಾ?"

"ಅದನ್ನ ನನ್ನ ಕಕ್ಷಿದಾರರನ್ನ ಕೇಳ್ಬೇಕು ಕಣಮ್ಮ."

"ಕೇಳು ಮತ್ತೆ."

ವಿಲ್ಫ್ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ. "ಒಪ್ತಿಲ್ಲ," ಎಂದ.

"ತಾತ, ನಿನಗೆ ನಾಚಿಕೆ ಆಗಲ್ವಾ?" ಎಂದಳು ಒಲೆಯ ಹಿಂದಿನಿಂದ ಕೀಲಿ.

"ನಂಗೆ ನಾಚಿಕೆ ಆಗ್ತದೆ ಮಗ. ಆದ್ರೆ ವಕೀಲ ನೋಡು, ಕಕ್ಷಿದಾರ ಹೇಳ್ದಂಗೆ ಕೇಳ್ಬೇಕು."

ಅಂದು ಗ್ಲೆನಿಸ್, ಡೆಸ್ಮಂಡ್ ಇಬ್ಬರೂ ಒಂದೇ ಮೇಜಿಗೆ ಕೂತು ಖಾರವಾದ ಪತ್ರವೊಂದನ್ನು ಬರೆದರು. ಡೆಸ್ಮಂಡ್ ಕರಡು ಬರೆದು, ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಅವಳ ಮುಂದೆ ಸರಿಸಿದ.

"ತಪ್ಪಿದ್ರೆ ತಿದ್ದಿ."

ಗ್ಲೆನಿಸ್ ಪೆನ್ಸಿಲ್ ತೆಗೆದುಕೊಂಡಳು. ಎರಡು ಕಡೆ ಮಾತ್ರ ತಿದ್ದಿದಳು. ಮೂರನೆಯದನ್ನು ಕಂಡೂ ಹಾಗೇ ಬಿಟ್ಟಳು.

ಪತ್ರ ನಾಟಿತೋ ಕೀಲಿಯ ಮುನಿಸು ನಾಟಿತೋ, ವಿಲ್ಫ್‌ನ ಕಕ್ಷಿದಾರ ಶೆಡ್ಡಿನ ವಿಚಾರದಲ್ಲಿ ಮೆತ್ತಗಾದ. ಒಳಗಿನ ಏಡಿಬಲೆಗಳನ್ನು ಮಾತ್ರ ಇಟ್ಟುಕೊಂಡ. ಕೊನೆಗೆ ಉಳಿದದ್ದು ಟ್ರಿಸ್ಟನ್‌ನ ಒಂದು ಷರತ್ತು. ಮಾರುವವನು ಇವನೇ ಎಂದು ಯಾರಾದರೂ ಖಾತ್ರಿಪಡಿಸಬೇಕು. ಗ್ಲೆನಿಸ್ ವಿಲ್ಫ್‌ನನ್ನು ಕೇಳಿದಳು.

"ನಾನೇ ಬರೆದು ಕೊಡ್ತೀನಿ," ಎಂದ ವಿಲ್ಫ್. "ಅವನನ್ನ ಹುಟ್ಟಿದಾಗಿಂದ ಬಲ್ಲೆ."

ಅದು ಸಾಲದು ಎಂದಾಗ ಅವನಿಗೆ ನಿಜಕ್ಕೂ ಬೇಸರವಾಯಿತು. ಗೊಣಗುತ್ತಲೇ ಹಳೆಯ ಡ್ರೈವಿಂಗ್ ಲೈಸೆನ್ಸ್ ಹುಡುಕಿ ತಂದ.

ದುಡ್ಡು ಬಂತು, ಹೋಯಿತು, ಮನೆ ಕೀಲಿಯದಾಯಿತು. ಆದರೆ ಕೀಲಿಕೈ ತಂದುಕೊಡಬೇಕಿದ್ದ ವಿಲ್ಫ್ ಎಷ್ಟು ಹೊತ್ತಾದರೂ ಆಫೀಸಿಗೆ ಬರಲಿಲ್ಲ. ಗ್ಲೆನಿಸ್ ಕಾರು ತೆಗೆದುಕೊಂಡು ಹೋದಳು. ಮನೆಯ ಮುಂದೆ ಸಾಮಾನಿನ ವ್ಯಾನ್ ನಿಂತಿತ್ತು, ಕೀಲಿ ಅದರೊಳಗೆ ಕೂತು ಉಗುರು ಕಚ್ಚುತ್ತಿದ್ದಳು. ವಿಲ್ಫ್ ಕಪ್ಪು ಸೂಟು ತೊಟ್ಟು ಗೇಟಿನಲ್ಲಿ ನಿಂತಿದ್ದ.

"ಏನಾಯ್ತು ವಿಲ್ಫ್?"

"ನನ್ನ ಕಕ್ಷಿದಾರರು ಒಳಗಿದ್ದಾರೆ," ಎಂದ. "ಹೊರಡೋಕೆ ಮನಸ್ಸು ಬರ್ತಿಲ್ಲ ಅವರಿಗೆ. ಹೆಂಡ್ತಿ ಹೋದ ಮನೆ ನೋಡು. ನಾನೂ ಹೇಳೋಷ್ಟು ಹೇಳಿದೆ."

ತೆರೆದ ಬಾಗಿಲಾಚೆ ಖಾಲಿ ಹಜಾರ ಗ್ಲೆನಿಸ್‌ಗೆ ಕಾಣುತ್ತಿತ್ತು. ಅವಳಿಗೆ ನಗು ಬರಲಿಲ್ಲ.

"ಇಂಥ ಕಕ್ಷಿದಾರರು ನಂಗೂ ಸಿಕ್ಕಿದಾರೆ," ಎಂದಳು. "ಬಲವಂತ ಮಾಡಬಾರದು. ವಕೀಲರಾದೋರು ಜೊತೇಲಿ ಹೋಗಿ ಸ್ವಲ್ಪ ಹೊತ್ತು ಕೂತ್ಕೋಬೇಕು."

"ಹಾಗೆ ಮಾಡ್ತಾರಾ?"

"ಮಾಡ್ತಾರೆ."

ಇಬ್ಬರೂ ಒಳಗೆ ಹೋಗಿ ಬರಿ ನೆಲದ ಮೇಲೆ ಗೋಡೆಗೆ ಒರಗಿ ಕೂತರು. ಕಾರ್ಪೆಟ್ ಕಿತ್ತ ಕಡೆ ಧೂಳಿನ ಗೆರೆ ಉಳಿದಿತ್ತು. ಸ್ವಲ್ಪ ಹೊತ್ತಿಗೆ ಕೀಲಿಯೂ ಫ್ಲಾಸ್ಕಿನಲ್ಲಿ ಚಹಾ ತಂದು, ಏನೂ ಕೇಳದೆ, ಎದುರು ಕೂತಳು. ಅಡುಗೆಮನೆಯ ಬಿಸಿನೀರಿನ ನಲ್ಲಿಯನ್ನು ಹೇಗೆ ಪುಸಲಾಯಿಸಬೇಕು, ಬಿರುಗಾಳಿ ಎದ್ದರೆ ಯಾವ ಬಾಗಿಲಿಗೆ ಬಟ್ಟೆ ತುರುಕಬೇಕು ಎಂದು ವಿಲ್ಫ್ ಅವಳಿಗೆ ಒಂದೊಂದಾಗಿ ಹೇಳಿದ. ಆಮೇಲೆ ಮೊಣಕಾಲು ಹಿಡಿದು ಎದ್ದು, ಕೀಲಿಕೈಯನ್ನು ಅವಳ ಅಂಗೈಗೆ ಹಾಕಿ, ಹಿಂದೆ ನೋಡದೆ ಹೊರಗೆ ಬಂದ.

ಬ್ರಿಡ್ಲಿಂಗ್‌ಟನ್‌ನ ತಂಗಿ ಮನೆಗೆ ಬಸ್ಸು ಹಿಡಿಯಲು ಗ್ಲೆನಿಸ್ ಅವನನ್ನು ಕಾರಿನಲ್ಲಿ ಕೂರಿಸಿಕೊಂಡಳು. ಬಲೆಗಳು ಹಿಂದಿನ ಸೀಟಿನಲ್ಲಿ ನಾರುತ್ತಿದ್ದವು. ಬೀದಿಯ ತಿರುವು ಬಂತು.

"ನನ್ನ ಕಕ್ಷಿದಾರನ ಹತ್ರ ಫೀಸು ಕೇಳ್ಬೇಕು ಅನ್ಕೊಂಡಿದ್ದೆ ಕಣಮ್ಮ," ಎಂದ ವಿಲ್ಫ್, ಟೈ ಸಡಿಲಿಸುತ್ತ. "ಎಷ್ಟೊಂದು ಕಾಗದ ಬರ್ದಿದೀನಿ! ಆದ್ರೆ ಅವನಿದ್ದ ಸ್ಥಿತಿ ನೋಡಿ ಬಾಯಿ ಬರ್ಲಿಲ್ಲ."