ಮನೆಯಲ್ಲಿ ಇರಲಿಲ್ಲ

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ ಎಂದು ಕೋರ್ಟಿನ ಅಮೀನ ಕಟಕಟೆಯಲ್ಲಿ ಬಡಬಡಿಸಿ ಮುಗಿಸುವಷ್ಟರಲ್ಲಿ ಬೆರಳಚ್ಚಿನವಳು ಆಕಳಿಸಿದಳು. ಅವಳದೇನೂ ತಪ್ಪಿಲ್ಲ, ಅವನಿಗೂ ಆಕಳಿಕೆ ಬರುತ್ತಿತ್ತು. ಮನೆಮನೆಗೆ ಕೋರ್ಟಿನ ಸಮನ್ಸು ಹೊತ್ತು ಹೊತ್ತು ಚಪ್ಪಲಿ ಸವೆಸಿದವನು ಅವನು. ಬಾಗಿಲಲ್ಲಿ ಅವನನ್ನು ಕಂಡರೆ ಜನ ಶನಿ ವಕ್ಕರಿಸಿತು ಎಂಬಂತೆ ಮುಖ ಮಾಡುತ್ತಿದ್ದರು. ನಿವೃತ್ತಿ ಹತ್ತಿರವಿತ್ತು, ಆಮೇಲೆ ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ.

ಇವತ್ತಿನದು ಸಣ್ಣ ಕೆಲಸ. ಗಂಡ ವಿಚ್ಛೇದನ ಕೇಳಿದ್ದ. ಹೆಂಡತಿ ಹಾಜರಾಗಲಿಲ್ಲವೆಂದು ಅವನ ಪರವಾಗಿಯೇ ತೀರ್ಪಾಗಿತ್ತು. ಸಮನ್ಸೇ ನನ್ನ ಕೈಗೆ ಮುಟ್ಟಿಲ್ಲ, ಅದೇ ಮನೆಯಲ್ಲಿ ಅವರಿಗೆಲ್ಲ ಬೇಯಿಸಿ ಹಾಕುತ್ತಿದ್ದೆ, ಹೊರಗೆ ಹೋಗು ಎಂದಾಗಲೇ ಗೊತ್ತಾದದ್ದು ಎಂದು ಆಕೆ ಈಗ ಅರ್ಜಿ ಹಾಕಿದ್ದಳು. ಸಮನ್ಸು ಸರಿಯಾಗಿ ಜಾರಿಯಾಗಿದ್ದರೆ ಆಕೆ ಆ ಮನೆಗೆ ಯಾರೂ ಅಲ್ಲ. ಆಗಿಲ್ಲದಿದ್ದರೆ ಇನ್ನೂ ಸೊಸೆ.

ಸಮನ್ಸಿನ ಮೇಲಿನ ಷರಾ ಅಮೀನನ ಕೈಬರಹದಲ್ಲೇ ಇತ್ತು: ಸೊಸೆ ಮನೆಯಲ್ಲಿ ಇರಲಿಲ್ಲ, ಅತ್ತೆಗೆ ಕೊಟ್ಟು ಸಹಿ ಪಡೆದಿದ್ದೇನೆ. ಸಮನ್ಸು ಯಾರ ಹೆಸರಿಗಿದೆಯೋ ಅವರು ಇಲ್ಲದಿದ್ದರೆ ಮನೆಯವರಿಗೆ ಕೊಡಬಹುದು, ಇದ್ದರೆ ಅವರ ಕೈಗೇ ಕೊಡಬೇಕು. ಗಂಡನ ವಕೀಲರು ಕೇಳಿದ್ದಕ್ಕೆಲ್ಲ ಅಮೀನ ಹೌದು ಹೌದು ಎಂದು ತಲೆಯಾಡಿಸಿದ. ಆಮೇಲೆ ಎದುರು ಕಡೆಯ ವಕೀಲೆ ತನ್ನ ಕಕ್ಷಿದಾರಳನ್ನು ಎದ್ದು ನಿಲ್ಲಲು ಹೇಳಿದಳು.

“ಇವರನ್ನ ಯಾವಾಗಾದ್ರೂ ನೋಡಿದೀರಾ?”

ನೋಡಿದ. ಗುರುತು ಸಿಕ್ಕಿತು. ಸಮನ್ಸು ಒಯ್ದ ಆ ದಿನ ಉರಿಬಿಸಿಲು. ಅತ್ತೆ ಕುರ್ಚಿ ತೋರಿಸಿ, ಸೊಸೆ ತವರಿಗೆ ಹೋಗಿದ್ದಾಳೆ ಎಂದಿದ್ದಳು. ಅವನು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಷರಾ ಬರೆಯುವಾಗ, ಒಳಗಿನಿಂದ ಬಕೆಟ್ಟು ಹಿಡಿದು ಬಂದ ಹೆಂಗಸು ಸ್ವಲ್ಪ ಕಾಲು ಎತ್ತಿ ಎಂದಿದ್ದಳು. ಅವನು ಎರಡೂ ಕಾಲು ಎತ್ತಿ ಹಿಡಿದಿದ್ದ. ಇವಳು ಕೆಳಗೆ ಒರೆಸಿಕೊಂಡು ಮುಂದೆ ಹೋಗಿದ್ದಳು.

ನೆನಪಿಲ್ಲ ಎಂದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನೆನಪಿದೆ ಎಂದರೆ ಸುಳ್ಳು ಷರಾ ಬರೆದನೆಂದು ವಿಚಾರಣೆ, ಪಿಂಚಣಿಗೆ ತಕರಾರು. ಆದರೆ ಎದ್ದು ನಿಂತಿದ್ದ ಆಕೆ ಅವನನ್ನೇ ನೋಡುತ್ತಿದ್ದಳು, ಮತ್ತು ಅವನಿಗೆ ಈ ಕೆಲಸವೇ ಸಾಕಾಗಿತ್ತು.

“ನೋಡಿದೀನಿ. ನಾನು ಬರೀತಿದ್ದಾಗ ಅಲ್ಲೇ ನೆಲ ಒರೆಸ್ತಿದ್ರು.”

“ಮತ್ತೆ ಅವ್ರ ಕೈಗೆ ಯಾಕೆ ಕೊಡ್ಲಿಲ್ಲ?”

“ಮನೆಗೆಲಸದವ್ರು ಅಂದ್ಕೊಂಡೆ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ಅದನ್ನೇ ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ, ನಿಧಾನವಾಗಿ ಹೇಳಿ ಬರೆಸಿದರು. ಬೆರಳಚ್ಚಿನವಳು ಕುಟ್ಟಿದಳು. ಸೊಸೆ ತಲೆ ತಗ್ಗಿಸಿ ಕೂತಳು.

ಊಟದ ಬಿಡುವಿಗೆ ಮೊದಲೇ ಹಳೆಯ ತೀರ್ಪು ರದ್ದಾಯಿತು. ಹೊರಗೆ ಮೆಟ್ಟಿಲ ಹತ್ತಿರ ವಕೀಲೆ ಗೆದ್ದ ಖುಷಿಯಲ್ಲಿ, ಇನ್ನು ಯಾರೂ ನಿಮ್ಮನ್ನು ಆ ಮನೆಯಿಂದ ಅಲ್ಲಾಡಿಸಲಾರರು ಎಂದು ಹೇಳಿ ಇನ್ನೊಂದು ಕೇಸಿಗೆ ಓಡಿದಳು. ಅಮೀನ ನಾಚಿಕೆಯಿಂದ ಹಿಡಿಯಾಗಿ ಆಕೆಯ ಬಳಿ ಬಂದ.

“ತಪ್ಪಾಯ್ತು ಕಣಮ್ಮ. ಯಾರು ಅಂತ ಒಂದ್ ಮಾತು ಕೇಳ್ಬೇಕಿತ್ತು.”

ಆಕೆಗೆ ಕೋಪ ಬಂದಂತಿರಲಿಲ್ಲ. ತುಂಬ ಹೊತ್ತಿನಿಂದ ಅದನ್ನೇ ಯೋಚಿಸುತ್ತಿದ್ದವಳಂತೆ ಕೇಳಿದಳು: “ನಾನು ಕೆಲಸದವಳ ಹಾಗೇ ಕಾಣ್ತಿದ್ನಾ?”

ಅಷ್ಟರಲ್ಲಿ ಕೋರ್ಟಿನ ಬಾಗಿಲಿನಿಂದ ಅತ್ತೆ ಹೊರಬಂದಳು. ಮೆಟ್ಟಿಲಿಳಿಯಲು ಕಂಬಿ ಹಿಡಿದುಕೊಳ್ಳಬೇಕಿತ್ತು. ಯಾರ ಮುಖವನ್ನೂ ನೋಡದೆ ಕೈಯಲ್ಲಿದ್ದ ಚೀಲವನ್ನು ಪಕ್ಕಕ್ಕೆ ಚಾಚಿದಳು. ಸೊಸೆಯ ಕೈ ತಾನಾಗಿಯೇ ಮುಂದೆ ಹೋಗಿ ಅದನ್ನು ತೆಗೆದುಕೊಂಡಿತು.